ಶೈಲುವಿನ ಹುಂಜ

ತಂಗಿ ವಾರಿಜಾಕ್ಷಿ,

ನೀನು ತೀರಿಹೋಗಿ ಮೂರು ವರ್ಷವಾಯಿತು. ಈ ಕಾಗದಕ್ಕೆ ವಿಳಾಸವಿಲ್ಲ, ಆದರೂ ಇದನ್ನು ನಿನಗೇ ಹೇಳಬೇಕು.

ನಿನ್ನ ಮಗ ಶೈಲುವಿಗೆ ಬಂದಿದ್ದ ರಕ್ತದ ಕ್ಯಾನ್ಸರೇ ನನ್ನ ಮೊಮ್ಮಗಳು ಧನ್ವಿಗೂ ಬಂದಿದೆ. ಇವತ್ತು ಪುತ್ತೂರಿನ ಆಸ್ಪತ್ರೆಯಲ್ಲಿ ಚಿತ್ರದ ಟೀಚರು ಮಗುವಿನ ಜೊತೆ ಮನೆಯವರನ್ನೂ ಕೂರಿಸಿ ಎಲ್ಲರ ಕೈಗೂ ಬಣ್ಣ ಕೊಟ್ಟರು.

"ನನಗೆಂತ ಬರ್ತದೆ ಟೀಚರೇ? ಪಿಕ್ಕಾಸು ಹಿಡಿದು ಮಣ್ಣು ಅಗೆಯುವ ಕೈ ಇದು ಮಾರಾಯ್ರೆ," ಅಂದೆ.

"ಬಂದದ್ದು ಬಿಡಿಸಿ ಅಜ್ಜ. ಇಲ್ಲಿ ಯಾರ ಚಿತ್ರವನ್ನೂ ಅಳಿಸ್ಲಿಕ್ಕಿಲ್ಲ," ಅಂದರು.

ಆ ಮಾತಿಗೆ, ಶೈಲು ಮಲಗಿದ್ದಲ್ಲಿಂದಲೇ ಪೆರಾಬೆಯ ನಿನ್ನ ಮನೆಯ ಗೋಡೆಗೆ ಇದ್ದಿಲಿನಲ್ಲಿ ಬರೆದ ಹುಂಜ ಕಣ್ಣ ಮುಂದೆ ಬಂತು. ಅವನ ಉತ್ತರಕ್ರಿಯೆಗೆ ಜನ ಬರುತ್ತಾರೆಂದು ಅದರ ಮೇಲೆ ಸುಣ್ಣ ಬಳಿದವನು ನಾನು. ನೀನು ಹಸಿ ಸುಣ್ಣಕ್ಕೆ ಅಂಗೈ ಒತ್ತಿ ನಿಂತುಬಿಟ್ಟೆ. "ಕೈ ತೆಗಿ, ಗುರುತು ಬೀಳ್ತದೆ" ಎಂದು ಗದರಿದ್ದೂ ನಾನೇ.

ಇವತ್ತು ಆ ಹುಂಜವನ್ನೇ ಬರೆದೆ. ಮೂರು ಕಾಲು, ಮನೆಗಿಂತ ಎತ್ತರ. ಧನ್ವಿ ಎಷ್ಟೋ ದಿನದ ಮೇಲೆ ನಕ್ಕಳು.

"ಅಜ್ಜ, ಬಿಡಿಸಿದವರ ಹೆಸರು ಅಡಿಯಲ್ಲಿ ಹಾಕ್ಬೇಕು," ಅಂದಳು.

ಶೈಲೇಶ ಎಂದು ಬರೆದೆ, ತಂಗೀ.