ಹಿಂತಿರುಗಿ ಬಂದ ಬಾಗಿನ

ಅರವತ್ತೊಂದನೇ ಸಂವತ್ಸರ, ಭಾದ್ರಪದ
ವೇದಾವತಿಯ ಈಚೆ ದಡ

ಹಿಂದಿನವರಿಗೆ,

ಸಂವತ್ಸರಗಳಿರುವುದೇ ಅರವತ್ತು ಎಂದು ನೀವು ನಗಬಹುದು. ನಮ್ಮ ಸರ್ಕಾರ ಇನ್ನೊಂದನ್ನು ಸೇರಿಸಿದೆ, ಲೆಕ್ಕದ ಅನುಕೂಲಕ್ಕಂತೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಹಾಲಮ್ಮನ ಮಗ ನಿಜಗುಣ. ಗಡಿ ದಾಟುವ ಪೊಟ್ಟಣಗಳ ಸುಂಕ ಕೊನೆಗೆ ಎಲ್ಲಿಗೆ ಬಂದು ನಿಂತಿತೆಂದು ಹೇಳಲು ಬರೆಯುತ್ತಿದ್ದೇನೆ.

ನೀವು ಬಟ್ಟೆ ಒಗೆದ ಹೊಳೆಯೇ ಈಗ ಗಡಿ. ಸೇತುವೆಯ ಮೇಲೆ ದಾಟುಕಟ್ಟೆಯಿದೆ. ಅಲ್ಲಿ ದರಗಣ್ಣು ಎಂಬ ಯಂತ್ರ ಪ್ರತಿಯೊಂದು ಗಂಟನ್ನೂ ನೋಡಿ ಸುಂಕ ಹೇಳುತ್ತದೆ. ಉಪ್ಪಿನಕಾಯಿಗೊಂದು ದರ, ಕೂಸಿನ ಕುಲಾವಿಗೊಂದು ದರ. ಕಳಿಸುವವರು ಬೆಲೆ ಹೇಳಬೇಕು, ಪಡೆಯುವವರು ಸುಂಕ ಕಟ್ಟಬೇಕು. ಮಾತು ದಾಟಿಸಲೂ ಸುಂಕವಿರುವುದರಿಂದ ನಮ್ಮಂಥವರು ಫೋನು ಮುಟ್ಟುವುದಿಲ್ಲ. ಆಚೆ ದಡಕ್ಕೆ ಕೊಟ್ಟ ನನ್ನಕ್ಕ ಮಂಗಳಕ್ಕ ಚೆನ್ನಾಗಿದ್ದಾಳೆಂದು ಅವ್ವನಿಗೆ ತಿಳಿಯುತ್ತಿದ್ದುದು ಗೌರಿ ಹಬ್ಬದ ಬಾಗಿನ ಅವಳಿಗೆ ಮುಟ್ಟಿದಾಗ ಮಾತ್ರ. ನಮ್ಮ ಮನೆತನದಲ್ಲಿ, ಕಳಿಸಿದ ಬಾಗಿನ ಹಿಂತಿರುಗುವುದು ಮಗಳು ತೀರಿಕೊಂಡಾಗಲೇ.

ಪ್ರತಿ ವರ್ಷ ಬಾಗಿನ ಒಯ್ದು ಬೆಲೆ ಹೇಳುತ್ತಿದ್ದವನು ನಾನು. ಹೋದ ವರ್ಷ ಜ್ವರದಲ್ಲಿ ಮಲಗಿದ್ದೆ, ಅವ್ವನೇ ಹೋದಳು. ಕಟ್ಟೆಯವನು ಬೆಲೆ ಕೇಳಿದ್ದಕ್ಕೆ, "ಬಾಗಿನಕ್ಕೆ ಯಾರಾದ್ರೂ ಬೆಲೆ ಹೇಳ್ತಾರೇನಪ್ಪಾ? ಮಗಳಿಗೆ ಒಳ್ಳೇದಾಗಲ್ಲ" ಎಂದು ಗಂಟನ್ನು ಅಲ್ಲೇ ಇಟ್ಟು ಬಂದಳಂತೆ. ಬೆಲೆ ಹೇಳದ ಗಂಟಿಗೆ ಎಲ್ಲಕ್ಕಿಂತ ಹೆಚ್ಚಿನ ಸುಂಕ. ಅಕ್ಕನ ಕೈಲಿ ಕಟ್ಟಲಾಗಲಿಲ್ಲವೆಂದು ಕಟ್ಟೆಯವನೇ ನನಗೆ ಹೇಳಿದ. ಸುತ್ತಿದ ದಾರ ಬಿಚ್ಚದೆಯೇ ಜೋಡಿ ಮೊರ ನಮ್ಮ ಜಗಲಿಗೆ ವಾಪಸು ಬಂತು.

ಅವ್ವ ಅದನ್ನು ನೋಡಿ ಅಳಲಿಲ್ಲ. ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಳು. ಇದು ಬರೀ ಸುಂಕದ ತಕರಾರು, ಅಕ್ಕ ಗುಂಡುಕಲ್ಲಿನ ಹಾಗಿದ್ದಾಳೆ ಎಂದು ಎಷ್ಟು ಹೇಳಿದರೂ, "ನನ್ನ ಸಮಾಧಾನಕ್ಕೆ ಹೇಳ್ತೀಯ, ಬಿಡು ಮಗ" ಎಂದಳು. ಆಮೇಲೆ ಅನ್ನ ಮುಟ್ಟುವುದು ಕಡಿಮೆಯಾಯಿತು. ದೀಪಾವಳಿಗೆ ಅವಳಿರಲಿಲ್ಲ. ಬದುಕಿರುವ ಮಗಳಿಗಾಗಿ ಕೊರಗಿ ಸತ್ತಳಲ್ಲ ಎಂಬ ಸಂಕಟ ನನ್ನನ್ನು ಬಿಡುತ್ತಿಲ್ಲ. ಅವ್ವ ಹೋದ ಸುದ್ದಿಯನ್ನು ಅಕ್ಕನಿಗೆ ದಾಟಿಸುವಷ್ಟು ದುಡ್ಡು ನನ್ನಲ್ಲಿರಲಿಲ್ಲ.

ನೀವು ಇನ್ನೂ ಕಾನೂನು ಬರೆಯುತ್ತಿರುವವರು. ತವರಿನ ಗಂಟನ್ನು ಸರಕಿನ ಸಾಲಿಗೆ ಸೇರಿಸಬೇಡಿರೆಂದು ಯಾರಾದರೂ ಒಬ್ಬರು ಎದ್ದು ನಿಂತು ಹೇಳಿ. ನನ್ನದು ಇದೊಂದೇ ಬೇಡಿಕೆ. ನಿಮಗೆಲ್ಲ ಶರಣು.

ನಿನ್ನೆ ಅಕ್ಕ ಮಾತಿನ ಸುಂಕ ಕಟ್ಟಿ ಒಂದು ಸಾಲು ಕಳಿಸಿದ್ದಾಳೆ: "ವರ್ಷವೆಲ್ಲ ಒಂದು ಹೊತ್ತು ಬಿಟ್ಟು ದುಡ್ಡು ಕೂಡಿಸಿದೀನಿ, ಈ ಸಲ ಬಾಗಿನ ವಾಪಸು ಬರಲ್ಲ ಅಂತ ಅವ್ವಂಗೆ ಹೇಳು."