ಪಾಸ್‌ವರ್ಡ್ ಕೊಟ್ಟವಳು

ಟೋವಾ ಪಾಯೋ, ಜುಲೈ ೧೯೯೪

ಅರುಂಧತಿ,

ನೀನು ಎಲ್ಲಿ ಅಡಗಿದ್ದೀಯೋ ಪೊಲೀಸರಿಗೇ ಗೊತ್ತಿಲ್ಲ. ಈ ಕಾಗದ ನಿನ್ನ ಕೈ ಸೇರುವುದಿಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ.

ನನ್ನ ಪಾಸ್‌ವರ್ಡ್ ಬಳಸಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಗ್ರಾಹಕರ ಹಣವನ್ನು ಟೆಲೆಕ್ಸ್ ಮೂಲಕ ಹೊರದೇಶಕ್ಕೆ ಸಾಗಿಸಿದವಳು ನೀನು. ವಂಚನೆಯ ಕೇಸು ಬಿದ್ದದ್ದು ನನ್ನ ಮೇಲೆ. ಇವತ್ತು ನನ್ನ ವಕೀಲರಾದ ದ್ವಾರಕನಾಥರು ನೇರವಾಗಿ ಕೇಳಿದರು:

"ಪದ್ಮಜಾ, ಪಾಸ್‌ವರ್ಡ್ ಅವಳು ಕದ್ದಳಾ, ನೀವೇ ಕೊಟ್ರಾ? ಕದ್ದಿದ್ರೆ ನಮ್ಮ ಡಿಫೆನ್ಸ್ ಸ್ಟ್ರಾಂಗ್ ಆಗುತ್ತೆ."

ಕದ್ದಳು ಎನ್ನಲು ಬಾಯಿ ತೆರೆದೆ. ನೀನು ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸಿಯೇ ಬಿಡುತ್ತಿದ್ದೆ. ಆದರೆ ಅಮ್ಮ ಆಸ್ಪತ್ರೆಯಲ್ಲಿದ್ದ ವಾರ ನನ್ನ ಕೆಲಸವನ್ನೂ ನೀನೇ ಮಾಡಿದ್ದೆ. ಆಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟವಳು ನಾನೇ.

"ನಾನೇ ಕೊಟ್ಟೆ ಸರ್."

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಷ್ಟ ಇದೆ. ಯಾಕಷ್ಟು ನಂಬಿದ್ರಿ ಅಂತ ಜಡ್ಜ್ ಕೇಳ್ತಾರೆ. ಏನು ಹೇಳ್ತೀರಿ?"

ಹೇಳಿದೆ. ಅಮ್ಮನಿಗೆ ನೀನು ಬಿಶಾನಿನ ನಿನ್ನ ಮನೆಯಿಂದ ದಿನಾ ಗಂಜಿ ತಂದದ್ದು, ಅಪ್ಪ ತೀರಿಕೊಂಡಾಗ ಪಕ್ಕದಲ್ಲಿ ಕೂತದ್ದು, ಎಲ್ಲವನ್ನೂ. ಅವರು ಒಂದೂ ಬಿಡದೆ ಬರೆದುಕೊಂಡು, "ಗುಡ್, ಇಷ್ಟೆಲ್ಲ ಮಾಡಿದವಳನ್ನ ಯಾರಾದ್ರೂ ನಂಬ್ತಾರೆ. ಇದೇ ನಮ್ಮ ಡಿಫೆನ್ಸ್" ಎಂದರು.

ಥೂ, ನಿನ್ನನ್ನು ಹೊಗಳಿ ನಾನು ಜೈಲು ತಪ್ಪಿಸಿಕೊಳ್ಳಬೇಕು. ಹೇಳಿದ್ದರಲ್ಲಿ ಒಂದಾದರೂ ಸುಳ್ಳಾಗಿದ್ದರೆ ಚೆನ್ನಾಗಿತ್ತು ಕಣೇ.

ಪದ್ಮಜಾ