ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ತಾತ

ತಾತನಿಗೆ, ನೀವು ಪ್ರೂಫ್ ತಿದ್ದುವಾಗ ಎದುರು ಕೂತು ಮೂಲ ಪ್ರತಿ ಓದುತ್ತಿದ್ದ ಮೊಮ್ಮಗಳ ನಮಸ್ಕಾರ.

ಕಾಲೇಜು ಸೇರಿದ ಮೊದಲ ವಾರ ನೀವು ಕೇಳಿದ ಪ್ರಶ್ನೆ ನೆನಪಿದೆಯಾ? ನಾನು ಚಾಮರಾಜಪೇಟೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದೆ. ನೀವು ಪೇಪರಿನಿಂದ ತಲೆಯೆತ್ತಿ, "ಅಲ್ಲಾ ಪುಟ್ಟಿ, ಈ ಕಂಪ್ಯೂಟರ್ ಸೈನ್ಸ್‌ನಲ್ಲಿ ನಾಲ್ಕು ವರ್ಷ ಏನೇನು ಹೇಳ್ಕೊಡ್ತಾರೆ?" ಅಂದಿರಿ. ಬಸ್ಸಿನಲ್ಲಿ ನಿಂತೂ ನಿಂತೂ ಸಾಕಾಗಿತ್ತು. "ನಿಮಗೆ ಅರ್ಥ ಆಗಲ್ಲ ತಾತ, ಆಮೇಲೆ ಹೇಳ್ತೀನಿ" ಅಂದುಬಿಟ್ಟೆ. "ಆಗ್ಲಿ, ಆಮೇಲೇ ಹೇಳು" ಅಂದು ಮತ್ತೆ ಪೇಪರಿನೊಳಗೆ ಮುಳುಗಿದಿರಿ. ದೀಪಾವಳಿಗೆ ಮುಂಚೆ ನೀವೇ ಹೊರಟುಬಿಟ್ಟಿರಿ. ಆ ‘ಆಮೇಲೆ’ ಇವತ್ತಿಗೂ ನನ್ನನ್ನು ಕೊರೆಯುತ್ತಿದೆ. ಈಗ ಹೇಳುತ್ತೇನೆ, ಕೇಳಿ.

ಮೊದಲ ಲ್ಯಾಬಿನ ದಿನ ನನ್ನ ಮುಖವನ್ನು ನೀವು ನೋಡಬೇಕಿತ್ತು. ಕಂಪ್ಯೂಟರ್ ಅಂತ ಆಸೆಯಿಂದ ಹೋದರೆ ಮೊದಲ ವರ್ಷವೆಲ್ಲ ಗಣಿತ, ಭೌತಶಾಸ್ತ್ರ, ಡ್ರಾಯಿಂಗು. ಪರೀಕ್ಷೆಯಲ್ಲಿ ಪ್ರೋಗ್ರಾಮನ್ನು ಪೆನ್ನು ಹಿಡಿದು ಕಾಗದದ ಮೇಲೆ ಬರೆಯಬೇಕು. ನಗಬೇಡಿ! ಲ್ಯಾಬ್ ರೆಕಾರ್ಡಿಗೆ ಸ್ಕೇಲಿಟ್ಟು ಮಾರ್ಜಿನ್ ಹಾಕಬೇಕು, ಅದೊಂದು ನಿಮಗೆ ಬಹಳ ಹಿಡಿಸುತ್ತಿತ್ತು. ಪಕ್ಕದಲ್ಲಿ ಕೂತಿದ್ದವಳು ಹೈಸ್ಕೂಲಿನಿಂದಲೇ ಪ್ರೋಗ್ರಾಂ ಬರೆಯುತ್ತಿದ್ದವಳು. "ಇದು ಸಿಂಪಲ್ ಕಣೇ, ಇಷ್ಟೂ ಗೊತ್ತಿಲ್ವಾ?" ಅಂದಳು. ನನ್ನೊಬ್ಬಳನ್ನು ಬಿಟ್ಟು ಇಡೀ ಕ್ಲಾಸಿಗೆ ಎಲ್ಲ ಗೊತ್ತಿದೆ ಅನ್ನಿಸಿತು. ಕ್ಲಾಸಿನ ಅರ್ಧಕ್ಕರ್ಧ ಜನಕ್ಕೆ ಹಾಗೇ ಅನ್ನಿಸಿತ್ತಂತೆ. ಒಬ್ಬರಾದರೂ ಬಾಯಿ ಬಿಡಬಾರದಿತ್ತಾ?

ನೀವು ಹೋದ ತಿಂಗಳಿಗೆ ನಾನು ಲ್ಯಾಬ್ ಪರೀಕ್ಷೆಯಲ್ಲಿ ಫೇಲಾದೆ. ಒಂದು ಪಟ್ಟಿಯ ಹೆಸರುಗಳನ್ನೆಲ್ಲ ಪರದೆಯ ಮೇಲೆ ತೋರಿಸುವ ಪುಟ್ಟ ಪ್ರೋಗ್ರಾಂ. ಕೊನೆಯ ಹೆಸರು ಮಾತ್ರ ಏನು ಮಾಡಿದರೂ ಬರಲೇ ಇಲ್ಲ. ಮನೆಗೆ ಬಂದವಳೇ, "ಇದು ನನ್ನ ತಲೆಗೆ ಹತ್ತಲ್ಲಮ್ಮ, ಬಿಟ್ಟು ಬಿ.ಕಾಂ. ಸೇರ್ಕೋತೀನಿ" ಅಂತ ಅತ್ತೆ. ನಿಮ್ಮ ಮೇಜಿನ ಮುಂದೆ ಕೂತೆ. ಕೆಂಪು ಪೆನ್ನು ನೀವಿಟ್ಟ ಜಾಗದಲ್ಲೇ ಇತ್ತು.

ನನಗೆ ಹತ್ತು ವರ್ಷವಿದ್ದಾಗ ಆ ಮೇಜಿನ ಮೇಲೆ ಪ್ರೆಸ್ಸಿನಿಂದ ಬಂದ ಪ್ರೂಫುಗಳು ಹರಡಿರುತ್ತಿದ್ದವು. ನಾನು ಮೂಲ ಪ್ರತಿಯನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದಬೇಕು, ನೀವು ಪ್ರೂಫ್ ನೋಡುತ್ತ ತಿದ್ದಬೇಕು. ತಪ್ಪಿ ಹೊಡೆದುಹಾಕಿದ ಪದದ ಕೆಳಗೆ ಚುಕ್ಕೆಗಳ ಸಾಲು ಇಡುತ್ತಿದ್ದಿರಿ. ಇದ್ದದ್ದು ಇದ್ದಂತೆಯೇ ಇರಲಿ ಅಂತ ಅದರ ಅರ್ಥ. ಒಂದು ಸಲ ಮದುವೆಯ ಕರೆಯೋಲೆ ಬಂತು. ಅಂಥವು ನೂರಾರು ಓದಿದ್ದೆನಲ್ಲ, ಬಾಯಿಪಾಠವಾಗಿತ್ತು. ಹುಡುಗಿಯ ತಂದೆಯ ಹೆಸರಿನ ಮುಂದೆ ‘ದಿವಂಗತ’ ಅಂತಿದ್ದದ್ದನ್ನು ‘ಶ್ರೀ’ ಅಂತ ಓದಿಬಿಟ್ಟೆ. ಕಂಪೋಸ್ ಮಾಡಿದವರೂ ಅಭ್ಯಾಸಬಲದಿಂದ ‘ಶ್ರೀ’ ಅಂತಲೇ ಹಾಕಿದ್ದರು. ಎರಡೂ ತಾಳೆಯಾಯಿತು, ಅಚ್ಚೂ ಆಯಿತು.

ಹುಡುಗಿಯ ತಾಯಿ ಕಾರ್ಡು ಹಿಡಿದುಕೊಂಡು ಮನೆಗೇ ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. "ನನ್ನ ಕಣ್ಣೇ ಮೋಸ ಮಾಡ್ತಮ್ಮ, ಎಲ್ಲಾ ಹೊಸದಾಗಿ ಹಾಕಿಸ್ಕೊಡ್ತೀನಿ" ಅಂದಿರಿ. ನನ್ನ ಹೆಸರೇ ಎತ್ತಲಿಲ್ಲ. ಆಕೆ ಕಾರ್ಡಿನ ಆ ‘ಶ್ರೀ’ ಮೇಲೆ ಬೆರಳಾಡಿಸಿದರು. "ಹಾಕಿಸಿ ರಾಯರೇ. ಇದೊಂದು ಮಾತ್ರ ನನ್ನ ಹತ್ರಾನೇ ಇರ್ಲಿ" ಅಂದು ಬ್ಯಾಗಿಗೆ ಹಾಕಿಕೊಂಡರು. ತಪ್ಪು ಕಾರ್ಡು ಯಾರಿಗಾದರೂ ಯಾಕೆ ಬೇಕು? ನನಗಂತೂ ತಿಳಿಯಲಿಲ್ಲ. ಅವರು ಹೋದ ಮೇಲೆ ನೀವು ಇಷ್ಟೇ ಹೇಳಿದಿರಿ: "ಇರಬೇಕಾದ್ದನ್ನ ಓದ್ಬೇಡ ಪುಟ್ಟಿ, ಇರೋದನ್ನ ಓದು."

ಅವತ್ತು ನಿಮ್ಮ ಮೇಜಿನ ಮುಂದೆ ಅದೇ ಮಾತು ನೆನಪಾಯಿತು. ಅಮ್ಮನನ್ನು ಕರೆದು ಕೂರಿಸಿದೆ. ಲ್ಯಾಪ್‌ಟಾಪಿನಲ್ಲಿ ಮತ್ತೆ ಬರೆದ ಅದೇ ಪ್ರೋಗ್ರಾಮನ್ನು ಅಮ್ಮ ಒಂದೊಂದೇ ಚಿಹ್ನೆ ಬಿಡದೆ ಓದಬೇಕು, ನಾನು ನೋಟ್ಸಿನ ಜೊತೆ ತಾಳೆ ನೋಡಬೇಕು. ಪಾಪ, ಅಮ್ಮನಿಗೆ ತಲೆಬುಡ ಗೊತ್ತಿಲ್ಲ. "ಬ್ರಾಕೆಟ್ಟು, ಆಮೇಲೆ ಐ, ಆಮೇಲೆ ಈ ಕಡೆ ತಿರುಗಿರೋ ಬಾಣ..." ನಾನು ತಡೆದೆ. "ಬಾಣದ ಪಕ್ಕ ಈಕ್ವಲ್ ಟು ಇದೆ ಅಲ್ವಾಮ್ಮ?" "ಇಲ್ವಲ್ಲೇ, ಬರೀ ಬಾಣ." ಬೆಳಗಿನಿಂದ ಹತ್ತಾರು ಸಲ ಇಲ್ಲದ್ದನ್ನು ಇದೆ ಅಂತಲೇ ಓದಿಕೊಂಡಿದ್ದೆ. ಆ ಈಕ್ವಲ್ ಟು ಇಲ್ಲದೆ ಎಣಿಕೆ ಕೊನೆಯ ಹೆಸರಿಗೆ ಒಂದು ಹೆಜ್ಜೆ ಮುಂಚೆಯೇ ನಿಲ್ಲುತ್ತಿತ್ತು. ತಿದ್ದಿದೆ, ಕೊನೆಯ ಹೆಸರು ಬಂತು. ಅಮ್ಮನೂ ನಾನೂ ಕೂತಲ್ಲೇ ಅತ್ತೆವು. ಬಿ.ಕಾಂ. ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಇದು ತಾತ. ಏನೇನೋ ಭಾಷೆ ಕಲಿಸುತ್ತಾರೆ, ಒಂದನ್ನು ಕಲಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಈಗಂತೂ ಕೇಳಿದರೆ ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ, ಅದನ್ನೂ ಕೂತು ಓದಿ ನೋಡಬೇಕು. ಬರೆಯುವುದಕ್ಕಿಂತ ತಪ್ಪು ಹುಡುಕುವುದರಲ್ಲೇ ಹೆಚ್ಚು ದಿನ ಕಳೆಯುತ್ತದೆ. ನಿಮಗೆ ಅರ್ಥವಾಗಲ್ಲ ಅಂದೆನಲ್ಲ, ಅದು ನೀವು ಜೀವಮಾನವಿಡೀ ಮಾಡಿದ ಕೆಲಸವೇ ಆಗಿತ್ತು. ಆ ಮಾತು ಆಡಬಾರದಿತ್ತು. ಕ್ಷಮಿಸಿಬಿಡಿ.

ಹೋದ ವಾರ ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟು ಮುಗಿಯಿತು. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನಿಮ್ಮದು. ನಮ್ಮ ಮೇಡಂ ನೋಡಿ, "ತಾತ ತೀರ್ಕೊಂಡಿದ್ದಾರಲ್ವಾ? ಹೆಸರಿನ ಮುಂದೆ ಲೇಟ್ ಅಂತ ಹಾಕಮ್ಮ" ಅಂದು ಪೆನ್ನಿನಲ್ಲಿ ಬರೆದುಕೊಟ್ಟರು. ಕರೆಯೋಲೆಯ ಅದೇ ಪದ, ಇಂಗ್ಲಿಷಿನಲ್ಲಿ. ಅವರು ಹೇಳಿದ್ದು ಸರಿ. ಕಾಲೇಜಿಗೆ ಕೊಡುವ ಪ್ರತಿಗಳಲ್ಲೆಲ್ಲ ಸೇರಿಸಿದ್ದೇನೆ.

ನಿಮ್ಮ ಮೇಜಿನ ಮೇಲಿಡುವ ಒಂದು ಪ್ರತಿಯಲ್ಲಿ ಮಾತ್ರ ಸೇರಿಸಿಲ್ಲ. ಅದರಲ್ಲಿ ನಿಮ್ಮ ಹೆಸರಿನ ಕೆಳಗೆ, ನಿಮ್ಮದೇ ಕೆಂಪು ಪೆನ್ನಿನಲ್ಲಿ ಚುಕ್ಕೆಗಳ ಸಾಲು ಇಟ್ಟಿದ್ದೇನೆ. ಈ ಸಲ ಬಾಯಿಪಾಠದಿಂದ ಅಲ್ಲ ತಾತ, ನೋಡಿಯೇ ಆ ಪದವನ್ನು ಕೈಬಿಟ್ಟಿದ್ದೇನೆ.